ಮಾತಿನ ಬಾನುಲಿಯ ಒಂದು ದಿನ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನಾಲಿಗೆಯ ಮೇಲೆ ಎಚ್ಚರವಿರಲಿ ಎಂದು ಹಿರಿಯರು ಹೇಳಿದ ಈ ಮಾತು ರೇಡಿಯೋ ಯಂತ್ರಕ್ಕೂ ಚೆನ್ನಾಗಿ ಒಪ್ಪುತ್ತದೆ. ಪುಸ್ತಕದಲ್ಲಿ ಅರ್ಥವಾಗದ ಪುಟವನ್ನು ತಿರುವಿ ಮತ್ತೊಮ್ಮೆ ಓದಬಹುದು. ರೇಡಿಯೋದಲ್ಲಿ ಆಡುವವನಾದರೋ ಒಂದೇ ಸಲ ಕೇಳುವವನಿಗಾಗಿ ಆಡಬೇಕು. ಕೇಳುವವನು ರೊಟ್ಟಿ ತಟ್ಟುತ್ತಿರಬಹುದು, ಗಾಡಿ ನಡೆಸುತ್ತಿರಬಹುದು, ಓದುಬರಹ ಬಾರದವನಾಗಿರಬಹುದು. ಅಂಥವನ ಕಿವಿಗೂ ಹೊಗುವಂತೆ ಬೆಳಗಿನಿಂದ ನಡುರಾತ್ರಿಯವರೆಗೆ, ಸಂಗೀತದ ಆಸರೆಯನ್ನು ಹೆಚ್ಚಾಗಿ ಬೇಡದೆ, ಬರಿಯ ಮಾತಿನಿಂದಲೇ ಒಂದು ದಿನವನ್ನು ತುಂಬುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ‘ರೇಡಿಯೋ ಫೋರ್’ ಎಂಬ ರಾಷ್ಟ್ರೀಯ ವಾಹಿನಿ ಒಂದು ನಿದರ್ಶನ. ಕಳೆದ ದಸರಾ ರಜೆಯಲ್ಲಿ ಹಳ್ಳಿಯ ಮನೆಯಲ್ಲಿದ್ದಾಗ ನಾನು ಅದರ ಒಂದು ಇಡೀ ದಿನವನ್ನು ಮೊಬೈಲಿನ ಮೂಲಕ ಕೇಳಿದೆನು. ಆ ಕೇಳ್ವಿಕೆಯಿಂದ ಕಲಿತದ್ದನ್ನೂ, ಆ ಮೇಲೆ ಓದಿ ತಿಳಿದುಕೊಂಡದ್ದನ್ನೂ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ಬ್ರಿಟಿಷ್ ಪ್ರಸಾರ ಸಂಸ್ಥೆ ಹುಟ್ಟಿದ್ದು 1922ರಲ್ಲಿ, ಒಂದು ಖಾಸಗಿ ಕಂಪೆನಿಯಾಗಿ. 1927ರ ಜನವರಿ 1ರಂದು ಅದು ಸಾರ್ವಜನಿಕ ನಿಗಮವಾಯಿತು. ಸ್ಕಾಟ್ಲೆಂಡಿನ ಒಬ್ಬ ಪಾದ್ರಿಯ ಮಗನೂ ವೃತ್ತಿಯಿಂದ ಎಂಜಿನಿಯರನೂ ಆಗಿದ್ದ ಜಾನ್ ರೀತ್ ಅದರ ಮೊದಲ ಮಹಾನಿರ್ದೇಶಕ. ತಿಳಿವಳಿಕೆ, ಶಿಕ್ಷಣ, ಮನರಂಜನೆ ಈ ಮೂರೂ ಪ್ರಸಾರದ ಧರ್ಮ ಎಂಬುದು ಆತನ ಕಾಲದಿಂದ ಬಂದ ಸೂತ್ರ. ಮನರಂಜನೆಯನ್ನು ಕೊನೆಗೆ ಇಟ್ಟಿರುವುದು ಗಮನಾರ್ಹ. ಜಾಹೀರಾತುಗಳಿಲ್ಲ. ಮನೆಮನೆಯವರು ಕೊಡುವ ಪರವಾನಗಿ ಶುಲ್ಕದಿಂದ ಖರ್ಚು ನಡೆಯುತ್ತದೆ. ರೇಡಿಯೋಗೆಂದೇ ಇದ್ದ ಪ್ರತ್ಯೇಕ ಪರವಾನಗಿಯನ್ನು 1971ರಲ್ಲಿ ತೆಗೆದುಹಾಕಿದರು. ಅಂದಿನಿಂದ ದೂರದರ್ಶನ ನೋಡುವವರ ಹಣದಿಂದಲೇ ರೇಡಿಯೋ ಕೇಳುವವರಿಗೂ ಊಟ ಬಡಿಸಿದಂತಾಗಿದೆ. 1939ರ ಸೆಪ್ಟೆಂಬರ್ 1ರಂದು, ಯುದ್ಧದ ಹೊಸ್ತಿಲಲ್ಲಿ, ‘ಹೋಮ್ ಸರ್ವಿಸ್’ ಎಂಬ ವಾಹಿನಿ ಪ್ರಾರಂಭವಾಯಿತು. 1967ರ ಸೆಪ್ಟೆಂಬರ್ 30ರಂದು ಅದೇ ರೇಡಿಯೋ ಫೋರ್ ಎಂಬ ಹೊಸ ಹೆಸರನ್ನು ಪಡೆಯಿತು.

ಇನ್ನು ದಿನಚರಿಗೆ ಬರೋಣ. ಅಕ್ಟೋಬರಿನ ಆ ದಿನಗಳಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಆದ್ದರಿಂದ ಅವರ ಬೆಳಗಿನ ಆರು ಗಂಟೆಗೆ ನಮಗೆ ಹತ್ತೂವರೆ. ಆರು ಗಂಟೆಗೆ ಮೊದಲೇ ಒಂದು ಚಿಕ್ಕ ಪ್ರಾರ್ಥನೆಯ ಚಿಂತನ, ಅದರ ಹಿಂದೆಯೇ ರೈತರಿಗಾಗಿ ಬೇಸಾಯದ ವರದಿ. ಹಾಲಿನ ದರ, ಕುರಿಗಳ ರೋಗ, ಗೊಬ್ಬರದ ಬೆಲೆ ಇವು ಅಲ್ಲಿಯೂ ದಿನದ ಮೊದಲ ಮಾತುಗಳೆಂದು ತಿಳಿದಾಗ ನನಗೆ ಆ ನಾಡು ಒಂದಿಷ್ಟು ಹತ್ತಿರವಾಯಿತು. ಆರರಿಂದ ಒಂಬತ್ತರವರೆಗೆ ‘ಟುಡೇ’ ಎಂಬ ಸುದ್ದಿಯ ಕಾರ್ಯಕ್ರಮ. 1957ರ ಅಕ್ಟೋಬರ್ 28ರಂದು ಇದು ಪ್ರಾರಂಭವಾದಾಗ ತಲಾ 20 ನಿಮಿಷದ ಎರಡು ತುಣುಕುಗಳಷ್ಟೇ ಇದ್ದವು. ಅದರ ಮೊದಲ ದಶಕದ ನಿರೂಪಕ ಜ್ಯಾಕ್ ಡಿ ಮ್ಯಾನಿಯೋ ಗಡಿಯಾರ ನೋಡಿ ಗಂಟೆ ಹೇಳುವುದರಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದನೆಂದು ಪ್ರಸಿದ್ಧಿ. ಜನ ಅದಕ್ಕಾಗಿಯೇ ಅವನನ್ನು ಪ್ರೀತಿಸಿದರಂತೆ! ಇಂದಿನ ‘ಟುಡೇ’ ಅಷ್ಟು ಸೌಮ್ಯವಲ್ಲ. ಮಂತ್ರಿಗಳನ್ನು ಕೂಡಿಸಿಕೊಂಡು, “ತಾವು ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ” ಎಂದು ಮುಖಕ್ಕೆ ಹೇಳುವಂಥದು. ಅದರ ನಡುವೆಯೇ, ಏಳೂಮುಕ್ಕಾಲರ ಸುಮಾರಿಗೆ, ಯಾವುದಾದರೊಂದು ಮತದ ಚಿಂತಕರು ಮೂರು ನಿಮಿಷಗಳ ಕಾಲ ಅಂದಿನ ಸುದ್ದಿಯನ್ನು ಧರ್ಮದ ಬೆಳಕಿನಲ್ಲಿ ನೋಡುತ್ತಾರೆ. ಕ್ರೈಸ್ತರು ಮಾತ್ರವಲ್ಲ, ಹಿಂದೂ, ಸಿಖ್, ಮುಸ್ಲಿಂ, ಯಹೂದಿ, ಬೌದ್ಧ ಚಿಂತಕರೂ ಅಲ್ಲಿ ಮಾತನಾಡಿರುವರು.

ಗಂಟೆಗೊಮ್ಮೆ ಕೇಳಿಬರುವ ಆರು ‘ಪಿಪ್’ ಸದ್ದುಗಳದೇ ಒಂದು ಕಥೆ. ಗ್ರೀನಿಚ್ ವೇಧಶಾಲೆಯ ಖಗೋಳಜ್ಞ ಫ್ರ್ಯಾಂಕ್ ಡೈಸನ್ ಅವರ ಸಹಕಾರದಿಂದ 1924ರ ಫೆಬ್ರವರಿ 5ರಂದು ಇವು ಪ್ರಾರಂಭವಾದವು. ಐದು ಗಿಡ್ಡ, ಒಂದು ಉದ್ದ. ಉದ್ದ ಸದ್ದಿನ ಆರಂಭವೇ ಗಂಟೆಯ ಆರಂಭ. ಒಂದು ನಾಡಿನ ಗಡಿಯಾರಗಳೆಲ್ಲ ಈ ಸದ್ದನ್ನು ಕೇಳಿ ಸರಿಹೋಗುತ್ತಿದ್ದವು. ಮೊಬೈಲಿನಲ್ಲಿ ಕೇಳುವ ನನಗಾದರೋ ಅದು ಕೆಲವು ಸೆಕೆಂಡು ತಡವಾಗಿ ಬಂತು. ವಿಜ್ಞಾನ ಮುಂದುವರಿದಂತೆ ಕಾಲದ ಸಂಕೇತ ಹಿಂದೆ ಬಿದ್ದಿತು. ಇದು ವಿನೋದವಾದರೂ ನಿಜ.

ಒಂಬತ್ತು ಗಂಟೆಯ ಮೇಲೆ ವಿದ್ವತ್ತಿನ ಹೊತ್ತು. ಒಂದೊಂದು ದಿನ ಒಂದೊಂದು ವಿಷಯ. ಗುರುವಾರದ ‘ಇನ್ ಅವರ್ ಟೈಮ್’ ಎಂಬುದನ್ನು ಮೆಲ್ವಿನ್ ಬ್ರ್ಯಾಗ್ ಎಂಬ ಲೇಖಕರು 1998ರಿಂದ 2025ರವರೆಗೆ ನಡೆಸಿದರು. ಮೂವರು ಪ್ರಾಧ್ಯಾಪಕರನ್ನು ಕರೆದು ಸುಮಾರು ಮುಕ್ಕಾಲು ಗಂಟೆ ಒಂದೇ ವಿಷಯವನ್ನು ಹಿಡಿದು ಕೇಳುವುದು ಅದರ ಕ್ರಮ. ಸಾವಿರಕ್ಕೂ ಹೆಚ್ಚು ಕಂತುಗಳಾಗಿವೆ. ಅಶೋಕ ಚಕ್ರವರ್ತಿಯಿಂದ ಹಿಡಿದು ಕಪ್ಪು ರಂಧ್ರಗಳವರೆಗೆ ವಿಷಯಗಳ ವ್ಯಾಪ್ತಿ. ಪ್ರಾಧ್ಯಾಪಕರು ದಾರಿ ತಪ್ಪಿದರೆ ಬ್ರ್ಯಾಗ್ ಮಹಾಶಯರು ನಡುವೆಯೇ ತಡೆದು ಮೂಲ ಪ್ರಶ್ನೆಗೆ ಎಳೆದು ತರುತ್ತಿದ್ದರು. ಇವರು ಇಂಗ್ಲೆಂಡಿನ ಉತ್ತರದ ಕಂಬರ್ಲೆಂಡ್ ಸೀಮೆಯ ವಿಗ್ಟನ್ ಎಂಬ ಸಣ್ಣ ಊರಿನಲ್ಲಿ, ಶ್ರಮಿಕರ ಮನೆಯಲ್ಲಿ ಬೆಳೆದು ಆಕ್ಸ್‌ಫರ್ಡಿಗೆ ಹೋದವರು. ತಿಳಿಯದ್ದನ್ನು ನಾಚದೆ ಕೇಳುವ ಧೈರ್ಯ ಅಲ್ಲಿಂದ ಬಂದಿರಬೇಕೆಂದು ನನ್ನ ಊಹೆ.

ಹತ್ತು ಗಂಟೆಗೆ ಸ್ತ್ರೀಯರ ಕಾರ್ಯಕ್ರಮ ‘ವುಮನ್ಸ್ ಅವರ್’. 1946ರ ಅಕ್ಟೋಬರ್ 7ರಂದು ಬೇರೊಂದು ವಾಹಿನಿಯಲ್ಲಿ ಆರಂಭವಾಗಿ 1973ರಲ್ಲಿ ರೇಡಿಯೋ ಫೋರಿಗೆ ಬಂತು. ಅದರ ಮೊದಲ ನಿರೂಪಕ ಅಲನ್ ಐವಿಮಿ ಒಬ್ಬ ಗಂಡಸು ಎಂಬುದನ್ನು ಓದಿ ನಾನು ನಕ್ಕೆನು. ಅಡಿಗೆ, ಹೊಲಿಗೆಗಳಿಂದ ಹೊರಟ ಆ ಕಾರ್ಯಕ್ರಮ ಕ್ರಮೇಣ ಸ್ತ್ರೀಯರ ಆರೋಗ್ಯ, ವೇತನ, ವಿವಾಹದ ಕಾನೂನು ಮೊದಲಾದ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಆಡತೊಡಗಿತು. ಮನೆಯೊಳಗೆ ಪಿಸುಮಾತಿನಲ್ಲಿ ಮಾತ್ರ ಇದ್ದುದನ್ನು ಗಟ್ಟಿಯಾಗಿ ಆಡುವುದಕ್ಕೆ ಒಂದು ನೆರಳು ದೊರೆತಂತಾಯಿತು.

ಮಧ್ಯಾಹ್ನ ಒಂದು ಗಂಟೆಗೆ 1965ರಲ್ಲಿ ಹುಟ್ಟಿದ ವಾರ್ತಾ ಕಾರ್ಯಕ್ರಮ. ಎರಡು ಗಂಟೆಗೆ ಹಿಂದಿನ ಸಂಜೆಯ ‘ದಿ ಆರ್ಚರ್ಸ್’ ನಾಟಕದ ಮರುಪ್ರಸಾರ. ಈ ನಾಟಕವನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು. ಯುದ್ಧಾನಂತರ ಬ್ರಿಟನ್ನಿನಲ್ಲಿ ಆಹಾರದ ಅಭಾವವಿತ್ತು. ಪಡಿತರ ಪದ್ಧತಿ 1954ರವರೆಗೂ ಮುಗಿಯಲಿಲ್ಲ. ರೈತರಿಗೆ ಹೊಸ ಬೇಸಾಯವನ್ನು ಹೇಳಿಕೊಡಬೇಕು. ಆದರೆ ಉಪನ್ಯಾಸವನ್ನು ಯಾರು ಕೇಳುತ್ತಾರೆ? 1948ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೆದ ಒಂದು ಸಭೆಯಲ್ಲಿ ಹೆನ್ರಿ ಬರ್ಟ್ ಎಂಬ ರೈತ ಎದ್ದುನಿಂತು, ಆಗ ಜನಪ್ರಿಯವಾಗಿದ್ದ ಡಿಕ್ ಬಾರ್ಟನ್ ಎಂಬ ಪತ್ತೇದಾರಿ ಧಾರಾವಾಹಿಯ ಹಾಗೆ ಬೇಸಾಯಕ್ಕೂ ಒಂದು ಬೇಕು ಎಂದನು. ನಿರ್ಮಾಪಕ ಗಾಡ್ಫ್ರಿ ಬೇಸ್ಲಿ ಆ ಮಾತನ್ನು ಹಿಡಿದುಕೊಂಡನು. 1950ರಲ್ಲಿ ಒಂದು ವಾರ ಪ್ರಯೋಗ ನಡೆಯಿತು. 1951ರ ಜನವರಿ 1ರಿಂದ ರಾಷ್ಟ್ರಕ್ಕೆಲ್ಲ ಪ್ರಸಾರವಾಯಿತು. ಆಂಬ್ರಿಜ್ ಎಂಬ ಕಲ್ಪನೆಯ ಹಳ್ಳಿಯ ಒಂದು ಒಕ್ಕಲು ಮನೆತನದ ಕಥೆ. ಕೃಷಿ ಇಲಾಖೆಯ ಸಲಹೆ ಕಥೆಯೊಳಗೆ ಹಾಲಿನಲ್ಲಿ ಸಕ್ಕರೆಯಂತೆ ಕರಗಿರುತ್ತಿತ್ತು. 1972ರಲ್ಲಿ ಇಲಾಖೆಯ ಪಾತ್ರ ಮುಗಿದರೂ ಕಥೆ ಮುಗಿಯಲಿಲ್ಲ. 20,000ಕ್ಕೂ ಹೆಚ್ಚು ಕಂತುಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ. ನಾರ್ಮನ್ ಪೇಂಟಿಂಗ್ ಎಂಬ ನಟ ಫಿಲ್ ಆರ್ಚರನ ಪಾತ್ರವನ್ನು 1950ರಿಂದ ತಾನು ಸಾಯುವ 2009ರವರೆಗೂ ವಹಿಸಿದನು. ತರುಣನಾಗಿ ಬಂದವನು ಅಜ್ಜನಾಗಿ ಹೋದನು. 1955ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನಲ್ಲಿ ಖಾಸಗಿ ದೂರದರ್ಶನ ಪ್ರಾರಂಭವಾದ ರಾತ್ರಿಯೇ, ಈ ನಾಟಕದ ಗ್ರೇಸ್ ಎಂಬ ಸೊಸೆ ಲಾಯದ ಬೆಂಕಿಯಿಂದ ಕುದುರೆಯನ್ನು ಬಿಡಿಸಲು ಹೋಗಿ ಪ್ರಾಣ ಬಿಟ್ಟಳು. ಇಲ್ಲದ ಹೆಂಗಸಿಗಾಗಿ ನಾಡು ಕಣ್ಣೀರು ಸುರಿಸಿತು. ಮಾತಿನಲ್ಲಿ ಕಟ್ಟಿದ ಹಳ್ಳಿ ಎಷ್ಟು ಗಟ್ಟಿಯಾಗಿರಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಜೆ ಆರಕ್ಕೆ ಲಂಡನ್ನಿನ ‘ಬಿಗ್ ಬೆನ್’ ಗಂಟೆಯ ನಾದ; ಅರ್ಧ ಗಂಟೆ ವಾರ್ತೆ; ಆರೂವರೆಗೆ ಹಾಸ್ಯ. ಹಾಸ್ಯಗಳಲ್ಲಿ 1967ರ ಡಿಸೆಂಬರಿನಲ್ಲಿ ಆರಂಭವಾದ ‘ಜಸ್ಟ್ ಎ ಮಿನಿಟ್’ ಎಂಬುದು ಒಂದು ಮಾತಿನ ಆಟ. ಕೊಟ್ಟ ವಿಷಯದ ಮೇಲೆ ಒಂದು ನಿಮಿಷ ಮಾತನಾಡಬೇಕು. ತಡವರಿಸಕೂಡದು, ಆಡಿದ ಪದವನ್ನೇ ಮತ್ತೆ ಆಡಕೂಡದು, ವಿಷಯವನ್ನು ಬಿಟ್ಟು ಹೋಗಕೂಡದು. ಇದಿಷ್ಟೇ ನಿಯಮ. ನಿಕೊಲಸ್ ಪಾರ್ಸನ್ಸ್ ಎಂಬವರು ಐವತ್ತಕ್ಕೂ ಹೆಚ್ಚು ವರ್ಷ ಇದರ ಅಧ್ಯಕ್ಷರಾಗಿದ್ದು 2020ರಲ್ಲಿ ತೀರಿಕೊಂಡರು. ಸುಲಭವೆಂದು ಭಾವಿಸಿ ನಾನೂ ಹಿತ್ತಲಿನಲ್ಲಿ ನಿಂತು ‘ಮಳೆ’ ಎಂಬ ವಿಷಯವನ್ನು ಹಿಡಿದು ಕನ್ನಡದಲ್ಲಿ ಪ್ರಯತ್ನಿಸಿದೆನು. ಹನ್ನೊಂದನೆಯ ಸೆಕೆಂಡಿಗೆ ‘ಅಂದರೆ’ ಎಂಬ ಪದ ಎರಡನೆಯ ಸಲ ಬಂತು! ಮೂರು ವರ್ಷ ಬಿ.ಎ. ತರಗತಿಯಲ್ಲಿ ಕುಳಿತವನ ಬಾಯಲ್ಲಿ ಹನ್ನೊಂದು ಸೆಕೆಂಡಿನ ಕನ್ನಡ ಮಾತ್ರ ಇತ್ತೆಂಬುದು ಯೋಚಿಸತಕ್ಕ ವಿಷಯ.

ಇಲ್ಲಿ ಈ ಲೇಖನದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ರಾಷ್ಟ್ರಕ್ಕೆಲ್ಲ ಕೇಳಿಸುವ ಮಾತು ಯಾರ ಮಾತಾಗಿರಬೇಕು? ಬಿ.ಬಿ.ಸಿ. 1926ರಲ್ಲಿ ಉಚ್ಚಾರಣೆಯ ವಿಷಯದಲ್ಲಿ ಸಲಹೆ ಕೊಡಲು ಒಂದು ಸಮಿತಿಯನ್ನು ನೇಮಿಸಿತು. ಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷರು. ಬರ್ನಾರ್ಡ್ ಷಾ, ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಮೊದಲಾದವರು ಸದಸ್ಯರು. ಕಾಲಕ್ರಮದಲ್ಲಿ ದಕ್ಷಿಣ ಇಂಗ್ಲೆಂಡಿನ ಸುಶಿಕ್ಷಿತರ ಉಚ್ಚಾರಣೆಯೇ ರೇಡಿಯೋದ ಉಚ್ಚಾರಣೆ ಎನಿಸಿಕೊಂಡಿತು. ಗಣಿಯ ಕೂಲಿಯವನೂ ಗಿರಣಿಯ ಹೆಂಗಸೂ ಅದನ್ನು ಕೇಳುತ್ತಿದ್ದರು. ಆದರೆ ಅವರ ನಾಲಿಗೆ ಸುದ್ದಿಯ ಮೇಜಿನ ಬಳಿ ಕೇಳಿಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಎಂಬ ನಟನನ್ನು ರಾಷ್ಟ್ರೀಯ ವಾರ್ತೆ ಓದಲು ಕರೆತಂದರು. ಅವನು ತನ್ನ ಸೀಮೆಯ ರಾಗದಲ್ಲಿಯೇ ವಾರ್ತೆ ಓದಿ, ಕೊನೆಗೆ ತನ್ನೂರಿನವರಿಗೆ ತನ್ನೂರಿನ ಉಚ್ಚಾರಣೆಯಲ್ಲಿಯೇ ‘ಗುಡ್ ನೀಟ್’ ಎಂದು ಶುಭರಾತ್ರಿ ಹೇಳಿದನು. ದೂರುಗಳು ಬಂದವು. ಹಾಗೆ ಓದಿದ ಸುದ್ದಿಯನ್ನು ನಂಬುವುದು ಹೇಗೆ ಎಂಬುದು ಕೆಲವರ ಆಕ್ಷೇಪ. ಬಾಂಬು ಬಿದ್ದ ಸುದ್ದಿ ಒಂದೇ. ಸ್ವರ ಬದಲಾದರೆ ಸತ್ಯವೇ ಬದಲಾದಂತೆ ಅವರಿಗೆ ತೋರಿತು! 2006ರಲ್ಲಿ ಜಮೈಕಾ ಮೂಲದ ಒಬ್ಬ ಉದ್ಘೋಷಕರು ರೇಡಿಯೋ ಫೋರಿಗೆ ಬಂದಾಗಲೂ ದೂರುಗಳು ಬಂದವು, ಮೆಚ್ಚಿದವರೂ ಇದ್ದರು. ಅವರು ಉಳಿದರು. ಕಿವಿ ಅಭ್ಯಾಸವಾಯಿತು.

ಈ ಸಂಗತಿಯನ್ನು ನಾನು ಅಷ್ಟು ಗಮನವಿಟ್ಟು ಓದಲು ಕಾರಣವುಂಟು. ಮೊದಲ ವರ್ಷದ ಒಂದು ಚರ್ಚಾಕೂಟದಲ್ಲಿ ನಾನು ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎಂದೆನು. ಬೆಂಚುಗಳು ನಕ್ಕವು. ಅಂದಿನಿಂದ ಎರಡು ವರ್ಷ ನಾನು ವೇದಿಕೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮನೆಯ ಮಾತನ್ನು ಮೆಟ್ಟಿಲ ಕೆಳಗೆ ಬಿಟ್ಟು ಬರಬೇಕೆಂಬುದು ನನಗೆ ತಿಳಿದಿರಲಿಲ್ಲ. ಈಗ ಹಕಾರವನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಶಿಷ್ಟ ಭಾಷೆ ಬೇಡವೆಂದು ನಾನು ವಾದಿಸುವುದಿಲ್ಲ. ಬೀದರಿನವನಿಗೂ ಚಾಮರಾಜನಗರದವನಿಗೂ ಒಟ್ಟಿಗೆ ತಿಳಿಯುವ ಒಂದು ಕನ್ನಡ ಬೇಕೇ ಬೇಕು. ಆದರೆ ಒಬ್ಬನ ಬಾಯಿಗೆ ಬೀಗ ಬಿದ್ದ ಮೇಲೆ ಉಳಿಯುವ ಶುದ್ಧತೆಯಿಂದ ಯಾರಿಗೆ ಲಾಭ? ಪಿಕಲ್ಸನ ಕಥೆ ಕೇಳುವ ಪ್ರಶ್ನೆ ಇದು.

ನಮಗೂ ಈ ಇತಿಹಾಸಕ್ಕೂ ಒಂದು ಸಂಬಂಧವಿದೆ. 1935ರಲ್ಲಿ ಬಿ.ಬಿ.ಸಿ.ಯ ಲಯನೆಲ್ ಫೀಲ್ಡನ್ ದೆಹಲಿಗೆ ಬಂದು ಭಾರತದ ಪ್ರಸಾರದ ಹೊಣೆ ಹೊತ್ತನು. ಅವನ ಕಾಲದಲ್ಲಿ, 1936ರಲ್ಲಿ, ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂತು. ಅದೇ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಪ್ರಾರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಭಾರತದ ಪ್ರಸಾರಕ್ಕೆಲ್ಲ ಹೆಸರಾಯಿತು. ದೊಡ್ಡ ಸಂಸ್ಥೆಗೆ ಹೆಸರು ಕೊಟ್ಟವನು ಒಬ್ಬ ಕಾಲೇಜು ಮೇಷ್ಟರು ಎಂಬುದು ಕಾಲೇಜಿನವರಾದ ನಮಗೆ ಹೆಮ್ಮೆಯ ವಿಷಯ.

ಮತ್ತೆ ದಿನಚರಿಗೆ. ರಾತ್ರಿ ಹತ್ತಕ್ಕೆ ವಿಶ್ವದ ವಾರ್ತೆ. ಹತ್ತೂಮುಕ್ಕಾಲಿಗೆ ಮಲಗುವ ಹೊತ್ತಿನ ಪುಸ್ತಕ: ಒಂದು ಕಾದಂಬರಿಯನ್ನು ದಿನಕ್ಕೆ ಕಾಲು ಗಂಟೆಯಂತೆ ಓದುವ ಈ ಪದ್ಧತಿ 1949ರಷ್ಟು ಹಳೆಯದು. ಅನಂತರ ಪಾರ್ಲಿಮೆಂಟಿನ ಕಲಾಪದ ವರದಿ; ಇದು 1945ರಿಂದ ಬಂದದ್ದು. ಸದಸ್ಯರ ಧ್ವನಿಯನ್ನೇ ನಿಯತವಾಗಿ ಕೇಳಿಸಲು 1978ರವರೆಗೆ ಕಾಯಬೇಕಾಯಿತು. ನಡುರಾತ್ರಿಗೆ ಮತ್ತೆ ಬಿಗ್ ಬೆನ್. ಅವರಿಗೆ ನಡುರಾತ್ರಿಯಾದಾಗ ನಮಗೆ ಬೆಳಗಿನ ಜಾವ ನಾಲ್ಕೂವರೆ. ಸ್ವಲ್ಪ ನಿದ್ದೆ ಮಾಡಿ ಎದ್ದು ಮತ್ತೆ ಕಿವಿಗೊಟ್ಟು ಕುಳಿತೆನು.

ದಿನದ ಕೊನೆಯಲ್ಲಿ ಬರುವುದು ಹಡಗುಗಳಿಗಾಗಿ ಓದುವ ಹವಾಮಾನ ಮುನ್ಸೂಚನೆ. ಬ್ರಿಟನ್ನಿನ ಸುತ್ತಲಿನ ಕಡಲನ್ನು 31 ವಲಯಗಳಾಗಿ ಹಂಚಿದ್ದಾರೆ: ವೈಕಿಂಗ್, ಫಾರ್ಟೀಸ್, ಕ್ರೊಮಾರ್ಟಿ, ಡಾಗರ್, ಫಿಷರ್ ಎಂದು ಹೆಸರುಗಳು ಒಂದೇ ಕ್ರಮದಲ್ಲಿ ಬರುತ್ತವೆ. ಒಂದೊಂದಕ್ಕೂ ಗಾಳಿ, ಕಡಲು, ಮಳೆ, ನೋಟ ಎಷ್ಟು ದೂರ ಎಂಬುದು. ಇಡೀ ಪಾಠ ಸುಮಾರು 350 ಪದಗಳನ್ನು, ರಾತ್ರಿಯದು 380 ಪದಗಳನ್ನು ಮೀರಕೂಡದು. ಪ್ರತಿ ಪದಕ್ಕೂ ಕಟ್ಟು: ‘ಸನ್ನಿಹಿತ’ ಎಂದರೆ ಆರು ಗಂಟೆಯೊಳಗೆ, ‘ಶೀಘ್ರ’ ಎಂದರೆ ಆರರಿಂದ ಹನ್ನೆರಡು, ‘ಅನಂತರ’ ಎಂದರೆ ಹನ್ನೆರಡು ಗಂಟೆಯ ಮೇಲೆ. 1859ರಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನಾನೂರಕ್ಕೂ ಹೆಚ್ಚು ಜನ ಮುಳುಗಿದರು. ಅದರಿಂದ ಕಲಕಿದ ರಾಬರ್ಟ್ ಫಿಟ್ಸ್‌ರಾಯ್ 1861ರಿಂದ ಬಂದರುಗಳಿಗೆ ತಂತಿಯ ಮೂಲಕ ಬಿರುಗಾಳಿಯ ಎಚ್ಚರಿಕೆ ಕಳಿಸತೊಡಗಿದನು. ಡಾರ್ವಿನ್ನನನ್ನು ‘ಬೀಗಲ್’ ಹಡಗಿನಲ್ಲಿ ಕರೆದೊಯ್ದ ಕಪ್ತಾನನೂ ಇವನೇ. ಮುನ್ಸೂಚನೆ ತಪ್ಪಿದಾಗಲೆಲ್ಲ ಜನ ಇವನನ್ನು ಹಾಸ್ಯ ಮಾಡಿದರು. 1865ರಲ್ಲಿ ಮನನೊಂದು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. 2002ರಲ್ಲಿ ಒಂದು ಕಡಲ ವಲಯಕ್ಕೆ ಇವನ ಹೆಸರಿಟ್ಟರು. ಈಗ ಪ್ರತಿದಿನವೂ ಆ ಹೆಸರು ರೇಡಿಯೋದಲ್ಲಿ ಕೇಳಿಬರುತ್ತದೆ.

ಐದೂಕಾಲರ ಸುಮಾರಿಗೆ ಈ ಹೆಸರುಗಳು ಕೇಳಿಬರುತ್ತಿದ್ದಾಗ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದ ನಮ್ಮ ಅವ್ವ ಕೈ ನಿಲ್ಲಿಸಿ, “ಏನ್ ಮಗ, ಒತ್ತಾರೆಗೇ ಯಾವ ದೇವ್ರ ಎಸ್ರು ಯೋಳ್ತಾವ್ರೆ?” ಎಂದು ಕೇಳಿದರು. ಒಂದೇ ಏರಿಳಿತದಲ್ಲಿ ಬರುವ ಹೆಸರುಗಳು ಅವರಿಗೆ ಅಷ್ಟೋತ್ತರದಂತೆ ಕೇಳಿಸಿರಬೇಕು. ದೇವರ ಹೆಸರಲ್ಲ, ಕಡಲ ಮೇಲಿರುವ ದೋಣಿಯವರಿಗೆ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಹೇಳುತ್ತಿದ್ದಾರೆ ಎಂದೆನು. ಅವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಅಂಗಾದ್ರೆ ಒಳ್ಳೇದು. ಕತ್ಲಲ್ಲಿರೋರ್ಗೆ ಯಾರಾದ್ರೂ ಯೋಳ್ಬೇಕಲ್ವಾ” ಎಂದು ಮತ್ತೆ ಕೆಲಸಕ್ಕೆ ತೊಡಗಿದರು. ಅಷ್ಟರಲ್ಲಿ ಅಲ್ಲಿ ರಾಷ್ಟ್ರಗೀತೆ ನುಡಿದು ಆ ದಿನ ಮುಗಿಯಿತು.

ನಾನು ಇಡೀ ದಿನ ಕೇಳಿ ಟಿಪ್ಪಣಿ ಬರೆದುಕೊಂಡಿದ್ದೆ. ಅವ್ವ ಒಂದು ಅಕ್ಷರವನ್ನೂ ತಿಳಿಯದ ಭಾಷೆಯಲ್ಲಿ ಅದರ ತಿರುಳನ್ನು ಕಂಡರು. ರೇಡಿಯೋ ಫೋರಿನಲ್ಲಿ ದೋಷಗಳಿಲ್ಲವೆಂದಲ್ಲ. ಅದು ವಯಸ್ಸಾದವರ, ಓದಿದವರ, ದಕ್ಷಿಣ ಇಂಗ್ಲೆಂಡಿನ ಮಧ್ಯಮ ವರ್ಗದವರ ವಾಹಿನಿಯೆಂಬ ಟೀಕೆ ಅಲ್ಲಿಯೇ ಇದೆ. ಆದರೂ ರೈತನಿಗೆ ಹಾಲಿನ ದರ, ವಿದ್ಯಾರ್ಥಿಗೆ ಅಶೋಕ, ಒಂಟಿಯಾದ ಮುದುಕನಿಗೆ ಒಂದು ಕಾದಂಬರಿ, ದೋಣಿಯವನಿಗೆ ಗಾಳಿ ಹೀಗೆ ಒಬ್ಬೊಬ್ಬರಿಗೂ ಬೇಕಾದ ಮಾತನ್ನು ಒಂದೇ ದಿನದಲ್ಲಿ ಹೊಂದಿಸಿ, ಒಬ್ಬರಿಗಾಗಿ ಆಡಿದ್ದನ್ನು ಉಳಿದವರೂ ಕೇಳುವಂತೆ ಮಾಡುವುದು ಸಾಮಾನ್ಯ ಕೆಲಸವಲ್ಲ. ದೋಣಿಯನ್ನೇ ಕಾಣದವರು ಹಾಸಿಗೆಯಲ್ಲಿ ಮಲಗಿ ಕಡಲ ಗಾಳಿಯನ್ನು ಕೇಳುತ್ತಾರೆ. ಇನ್ನೊಬ್ಬರ ಕಷ್ಟಕ್ಕೆ ದಿನಕ್ಕೊಮ್ಮೆ ಕಿವಿಗೊಡುವುದೂ ಒಂದು ಶಿಕ್ಷಣವೇ.

ಕೊನೆಯದಾಗಿ ನಮ್ಮ ಕನ್ನಡ ಸಂಘಕ್ಕೆ ಒಂದು ಬಿನ್ನಹ. ಮುಂದಿನ ವರ್ಷದಿಂದ ವಾರಕ್ಕೊಂದು ದಿನ ಆ ಒಂದು ನಿಮಿಷದ ಆಟವನ್ನು ಕನ್ನಡದಲ್ಲಿ ಆಡಿಸಬೇಕು. ತಡವರಿಸಿದವನು ಸೋಲಲಿ, ಪದವನ್ನು ಮತ್ತೆ ಆಡಿದವನು ಸೋಲಲಿ, ವಿಷಯ ಬಿಟ್ಟವನು ಸೋಲಲಿ. ‘ಆಲು’ ಎಂದವನು ಮಾತ್ರ ಅದಕ್ಕಾಗಿ ಸೋಲಬಾರದು. ಅಷ್ಟು ಹೊತ್ತಿಗೆ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ಆದರೂ ಕರೆದರೆ ಬಂದು ‘ಮಳೆ’ಯ ಮೇಲೆ ಇನ್ನೊಮ್ಮೆ ಪ್ರಯತ್ನಿಸುತ್ತೇನೆ.